ಕತ್ತಿನ ಪಟ್ಟು

"ಗುರುಗಳೇ, ಕೈಹಿಡಿದು ಮೇಲೆ ತಂದ ವಿದ್ಯೆಯೇ ಒಂದು ದಿನ ಕೈಕೊಟ್ಟರೆ ಏನು ಮಾಡಬೇಕು?" ಎಂದು ಶಿಷ್ಯ ಕೇಳಿದ.

ಈ ಶಿಷ್ಯ ಊರೂರು ತಿರುಗಿ ಪ್ರವಚನ ಮಾಡುವವನು. ತಾಯಿಯೊಬ್ಬಳು ಮಗನನ್ನು ಅಗಲುವ ಒಂದು ಕತೆಯನ್ನು ಅವನು ಎತ್ತಿಕೊಂಡರೆ ಗಂಡಸರೂ ಶಲ್ಯದ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಒಂದು ಕತೆಯಿಂದಲೇ ಅವನ ಹೆಸರು ಸುತ್ತಲ ತಾಲ್ಲೂಕುಗಳಿಗೆಲ್ಲ ಹರಡಿತ್ತು. ಆದರೆ ಹೋದ ವಾರ ಅವನು ಕಣ್ಣೀರಿನ ಘಟ್ಟಕ್ಕೆ ಬರುವ ಮೊದಲೇ ಮುಂದಿನ ಸಾಲಿನ ಒಬ್ಬ ಮುದುಕ ಕೊನೆಯ ಮಾತನ್ನು ತಾನೇ ಹೇಳಿ ಮುಗಿಸಿ, ಚಪ್ಪಲಿ ಹುಡುಕಲು ಎದ್ದ. ಸಭೆ ನಕ್ಕಿತು.

ಗುರುಗಳು ಹಿಂದೆ ಮೆಣಸಿನಕಾಯಿ ಪೇಟೆಯಲ್ಲಿ ಬಹಳ ವರ್ಷ ವ್ಯಾಪಾರ ಮಾಡಿದವರು. ಸಮಾಧಾನದ ಮಾತು ಅವರ ಬಾಯಲ್ಲಿ ಬರುವುದು ಕಡಿಮೆ. "ಕೂತುಕೊ" ಎಂದು ಈ ಕತೆ ಹೇಳಿದರು.

ಬ್ರೆಜಿಲ್ ದೇಶದಲ್ಲಿ, ಆಚೆ ದಡ ಕಾಣದಷ್ಟು ಅಗಲವಾದ ಒಂದು ನದಿಯ ಪಕ್ಕದ ಊರಿನಲ್ಲಿ ಒಬ್ಬ ಮಲ್ಲನಿದ್ದ. ಅವನ ಆಟ ನಮ್ಮ ಕುಸ್ತಿಯ ಹಾಗಲ್ಲ. ಅಲ್ಲಿ ಗುದ್ದಬಹುದು, ಒದೆಯಬಹುದು, ಕೆಡವಬಹುದು, ಕೈಕಾಲು ತಿರುಚಬಹುದು, ಕತ್ತು ಅಮುಕಬಹುದು. ಸುತ್ತ ಬಲೆಯ ಬೇಲಿ. ಉಸಿರು ಕಟ್ಟಿದವನು ಎದುರಾಳಿಯ ಮೈಯನ್ನು ಅಂಗೈಯಿಂದ ತಟ್ಟಿದರೆ ಸೋಲು ಒಪ್ಪಿದ ಹಾಗೆ. ತೂಕಕ್ಕೆ ತೂಕ ನೋಡಿ ಜೋಡಿ ಮಾಡುತ್ತಾರೆ. ಇವನದು ಫೆದರ್‌ವೇಟ್, ಎಂದರೆ ಹಕ್ಕಿಯ ಗರಿಯ ಹೆಸರಿಟ್ಟ ತೂಕ. ಹೆಸರಿಗೆ ಗರಿ, ಅಷ್ಟೇ. ಅದರಲ್ಲಿ ಇಳಿಯುವವರ ಮೈಯಲ್ಲಿ ಎಲುಬು, ನರ ಬಿಟ್ಟರೆ ಬೇರೇನೂ ಇರುವುದಿಲ್ಲ.

ಇವನ ಹತ್ತಿರ ಒಂದು ಪಟ್ಟಿತ್ತು. ಎದುರಾಳಿ ಕಾಲು ಹಿಡಿಯಲು ತಲೆ ಬಗ್ಗಿಸಿ ನುಗ್ಗಿದ ಕೂಡಲೇ ಆ ಕತ್ತನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಮೊಣಕೈ ಬಿಗಿದು, ಎರಡೂ ಕಾಲಿನಿಂದ ಅವನ ಸೊಂಟ ಸುತ್ತಿ ನೆಲಕ್ಕೆ ಉರುಳುತ್ತಿದ್ದ. ಆಮೇಲೆ ಕಾಯುವ ಕೆಲಸವಷ್ಟೇ. ಎದುರಿನವನ ಅಂಗೈ ತಾನಾಗಿ ಬಂದು ಇವನ ಬೆನ್ನು ತಟ್ಟುತ್ತಿತ್ತು.

ಆ ಪಟ್ಟಿನಿಂದ ಅವನು ಮೊದಲು ತನ್ನ ಊರಿನ ತಗಡಿನ ಶೆಡ್ಡುಗಳಲ್ಲಿ ಗೆದ್ದ. ಆಮೇಲೆ ರಾಜಧಾನಿಯಲ್ಲಿ ಗೆದ್ದ. ಆಮೇಲೆ ಸಮುದ್ರದಾಚೆಯ ದೊಡ್ಡ ಅಖಾಡಗಳಲ್ಲಿ ಗೆದ್ದ. ಕತ್ತು ಸುತ್ತಿದ ತೋಳಿನ ಚಿತ್ರವಿದ್ದ ಬನಿಯನ್ನುಗಳನ್ನು ಊರಿನ ಅಂಗಡಿಯವರು ಅಚ್ಚು ಹಾಕಿಸಿ ಮಾರಿದರು. ಕ್ಷೌರದಂಗಡಿಯ ಕನ್ನಡಿಯ ಮೇಲೆ ಅವನ ಪಟ ಏರಿತು. ಜನ ಅವನನ್ನು ನೋಡಿದರೆ ತಮಾಷೆಗೆ ಕತ್ತು ಮುಚ್ಚಿಕೊಂಡು ನಮಸ್ಕಾರ ಹೇಳುತ್ತಿದ್ದರು.

ಒಳ್ಳೆಯ ಮಾಲು ಬಹಳ ದಿನ ಗುಟ್ಟಾಗಿ ಉಳಿಯುವುದಿಲ್ಲ. ಅವನ ಆಟದ ವಿಡಿಯೋಗಳನ್ನು ಎಲ್ಲರೂ ಕೂತು ನೋಡಿದರು. ಕತ್ತು ಸಿಕ್ಕ ಕೂಡಲೇ ಯಾವ ಮಗ್ಗುಲಿಗೆ ಜಿಗಿದರೆ ಆ ಪಟ್ಟು ಸಾಯುತ್ತದೆ ಎಂದು ಕಂಡುಕೊಂಡರು. ಮುಂದಿನ ಸಲ ಎದುರಾಳಿ ಆ ಮಗ್ಗುಲಿಗೆ ಜಿಗಿದ. ಪಟ್ಟು ಸತ್ತಿತು. ಆದರೆ ಮಲ್ಲ ಬಿಡಲಿಲ್ಲ. ಇನ್ನೇನು ತಟ್ಟುತ್ತಾನೆ, ಇನ್ನೇನು ತಟ್ಟುತ್ತಾನೆ ಎಂದು ಸತ್ತ ಪಟ್ಟನ್ನೇ ಅಮುಕುತ್ತ ಮಲಗಿದ. ಸುತ್ತು ಮುಗಿದು ಎದ್ದಾಗ ಅವನ ತೋಳುಗಳು ಕೊರಡಾಗಿದ್ದವು, ಮುಖದ ಮುಂದೆ ಎತ್ತಿ ಹಿಡಿಯಲಾಗಲಿಲ್ಲ. ತೆರೆದ ಮುಖಕ್ಕೆ ಎದುರಾಳಿ ಗುದ್ದುತ್ತಾ ಹೋದ. ಅದರ ಮುಂದಿನ ಪಂದ್ಯದಲ್ಲೂ ಹೀಗೆಯೇ ಸೋತ.

ಇದು ವ್ಯಾಪಾರಿಗಳಿಗೆ ಗೊತ್ತಿರುವ ಕಾಯಿಲೆ. ಒಂದು ವರ್ಷ ಬಂಗಾರದ ಬೆಲೆ ತಂದ ಮಾಲು ಮುಗ್ಗು ಹಿಡಿದ ಮೇಲೂ ಅದನ್ನು ಗೋದಾಮಿನಿಂದ ಹೊರಗೆ ಹಾಕಲು ಮನಸ್ಸು ಬರುವುದಿಲ್ಲ.

ಅಷ್ಟರಲ್ಲಿ ಕರೆ ಬಂತು. ಆ ತೂಕದ ಚಾಂಪಿಯನ್ ಜೊತೆ ಕಾದಬೇಕಿದ್ದವನ ಮಂಡಿ ಉಳುಕಿತ್ತು. ಅವನ ಜಾಗಕ್ಕೆ ನೀನು ಬಾ ಎಂದು ಪಂದ್ಯ ನಡೆಸುವವರು ಹೇಳಿದರು. ಗೆದ್ದರೆ ಚಾಂಪಿಯನ್ ಸೊಂಟಕ್ಕೆ ಕಟ್ಟುವ ಬೆಲ್ಟ್ ನಿನ್ನದು, ಸೋತರೆ ನಮ್ಮ ಒಪ್ಪಂದ ಅಲ್ಲಿಗೆ ಮುಗಿಯಿತು ಎಂದೂ ಹೇಳಿದರು. ಸಾಲಾಗಿ ಮೂರು ಸೋತು ಹೊರಬಿದ್ದ, ವಯಸ್ಸಾಗುತ್ತ ಬಂದ ಮಲ್ಲನನ್ನು ಇನ್ನು ಯಾರೂ ಕರೆಯುವುದಿಲ್ಲ. ಅದು ಅವನಿಗೂ ಗೊತ್ತು.

ಅವನನ್ನೇ ಬೇಕೆಂದು ಆರಿಸಿದವನು ಆ ಚಾಂಪಿಯನ್ನೇ. ಎರಡು ವರ್ಷದ ಹಿಂದೆ, ಇನ್ನೂ ಚಾಂಪಿಯನ್ ಆಗುವ ಮೊದಲು, ಅವನು ಈ ಮಲ್ಲನ ಕತ್ತಿನ ಪಟ್ಟಿಗೆ ಸಿಕ್ಕಿ ಸಾವಿರಾರು ಜನರೆದುರು ಮೈ ತಟ್ಟಿದ್ದ. ಅವನ ಬದುಕಿನಲ್ಲಿ ಅದೊಂದೇ ಸೋಲು. ಅಂದಿನಿಂದ ಅವನು ದಿನವೂ ಕತ್ತಿಗೆ ಆಳುಗಳನ್ನು ಜೋತುಹಾಕಿಕೊಂಡು, ಕಾಲೂರಿ ಹಿಂದಕ್ಕೆ ಜಗ್ಗಿ ಬಿಡಿಸಿಕೊಳ್ಳುವ ಅಭ್ಯಾಸ ಮಾಡುತ್ತಿದ್ದ. ಅವನ ಕತ್ತು ಎತ್ತಿನ ಕತ್ತಾಗಿತ್ತು.

ಮಲ್ಲನ ಉಸ್ತಾದ ಇದನ್ನು ಕೇಳಿ ಒಂದು ಲಾರಿ ಟೈರು ತಂದು ಮುಂದೆ ಹಾಕಿದ. "ಅವನ ಕತ್ತು ದಪ್ಪ ಆಗಿದ್ರೆ ನಿನ್ನ ಹಿಡಿತ ಇನ್ನೂ ಬಿಗಿ ಆಗಲಿ" ಎಂದ. ಮಲ್ಲ ಟೈರನ್ನು ಅಪ್ಪಿಕೊಂಡು ಬಿಗಿಯುತ್ತ ಬಿದ್ದುಕೊಂಡ.

ಹೊರಡುವ ಮುನ್ನ ಅವನು ತನ್ನ ಅಕ್ಕನನ್ನು ನೋಡಲು ದೋಣಿಕಟ್ಟೆಗೆ ಹೋದ. ಅವನನ್ನು ಸಾಕಿದವಳು ಅವಳೇ. ಅವಳದು ತೂಗುಹಾಸಿಗೆಯ ಅಂಗಡಿ. ಆ ನದಿಯ ದೊಡ್ಡ ದೋಣಿಗಳಲ್ಲಿ ದಿನಗಟ್ಟಲೆ ಪಯಣ, ಮಲಗಲು ಮಂಚ ಕೊಡುವುದಿಲ್ಲ. ಹತ್ತುವವನು ತನ್ನದೇ ತೂಗುಹಾಸಿಗೆ ತಂದು ದೋಣಿಯ ಕೊಕ್ಕೆಗೆ ಕಟ್ಟಿಕೊಳ್ಳಬೇಕು. ಹಾಗಾಗಿ ದೋಣಿ ಬಿಡುವ ಹೊತ್ತಿಗೆ ಕಟ್ಟೆಯ ಮೇಲೆ ಭಾರಿ ಚೌಕಾಸಿ.

ಮಲ್ಲ ಹೋದಾಗ ಅವಳ ಮುಂದೆ ಒಬ್ಬ ಎಮ್ಮೆ ವ್ಯಾಪಾರಿ ನಿಂತಿದ್ದ. ಭಾರಿ ಆಳು. ತೂಗುಹಾಸಿಗೆಯ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ.

"ಏನಮ್ಮ, ಈ ಅರಿವೆಗೆ ಇಷ್ಟು ಬೆಲೆಯಾ? ನನ್ನ ಎಮ್ಮೆನೂ ಇದರಲ್ಲಿ ಮಲಗಲ್ಲ."

"ಎಮ್ಮೆಗೆ ಆಚೆ ಅಂಗಡಿಯಲ್ಲಿ ಕೇಳಿ ಅಣ್ಣ. ನಿಮ್ಮ ಮೈಗೆ ಇದೇ ಬೇಕು. ಸಣ್ಣದು ತಗೊಂಡ್ರೆ ನಿದ್ದೆಯಲ್ಲಿ ಕೆಳಗಿನವನ ಮೇಲೆ ಬಿದ್ದು ಕೊಲೆ ಕೇಸು ಮೈಮೇಲೆ ಹಾಕ್ಕೊಳ್ತೀರಿ."

"ಅರ್ಧ ಬೆಲೆ. ಇಲ್ಲಾಂದ್ರೆ ಬೇಡ" ಎಂದು ಅವನು ಜಗ್ಗಿದ. ಬೇಡ ಎನ್ನುವವನು ಜಗ್ಗುವುದು ಯಾಕೆ? ಅವಳೂ ಜಗ್ಗಿದಳು. ಅವನು ಕಾಲೂರಿ ಇನ್ನೂ ಜೋರಾಗಿ ಜಗ್ಗಿದ. ದೋಣಿ ಸೀಟಿ ಹಾಕಿತು. ಅಕ್ಕ ಎರಡೂ ಕೈ ತೆರೆದುಬಿಟ್ಟಳು.

ವ್ಯಾಪಾರಿ ಹಿಂದಕ್ಕೆ ತಪ್ಪುಹೆಜ್ಜೆ ಇಡುತ್ತ ಹೋಗಿ, ಅಲ್ಲೇ ನೇತುಹಾಕಿದ್ದ ಮತ್ತೊಂದು ತೂಗುಹಾಸಿಗೆಯೊಳಗೆ ಬಿದ್ದ. ಕಾಲು ಮೇಲೆ, ತಲೆ ಕೆಳಗೆ. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು.

"ಮಲಗಿ ನೋಡಿದ್ದೂ ಆಯ್ತು. ಹೇಗಿದೆ ಹೇಳಿ" ಎಂದಳು ಅಕ್ಕ.

ಅವನೂ ನಕ್ಕುಬಿಟ್ಟ. ಕೇಳಿದ ಬೆಲೆ ಕೊಟ್ಟು, ಹಾಸಿಗೆಯನ್ನು ಹೆಗಲಿಗೆ ಹಾಕಿಕೊಂಡು ದೋಣಿಯತ್ತ ಓಡಿದ.

"ಅಲ್ಲ ಅಕ್ಕ, ಅವನು ಹಾಗೇ ಎತ್ಕೊಂಡು ಓಡಿದ್ರೆ?" ಎಂದು ಮಲ್ಲ ಕೇಳಿದ.

"ಓಡೋದಕ್ಕೆ ಕಾಲು ನೆಲದ ಮೇಲೆ ಇರಬೇಕಲ್ಲ? ಅವನು ನಿಂತಿದ್ದು ನೆಲದ ಮೇಲಲ್ಲ, ಇವಳು ಬಿಡಲ್ಲ ಅನ್ನೋ ನಂಬಿಕೆ ಮೇಲೆ. ಅದನ್ನ ತೆಗೆದೆ, ಬಿದ್ದ" ಎಂದು ಅವಳು ಮುಂದಿನ ಗಿರಾಕಿಯ ಕಡೆ ತಿರುಗಿದಳು. "ಟೈರು ತಬ್ಬಿಕೊಂಡು ಸಂಸಾರ ಮಾಡೋ ನಿನಗೆ ಇದೆಲ್ಲ ಯಾಕೆ ಬಿಡು."

ಮಲ್ಲ ಅಲ್ಲಿಂದ ನೇರವಾಗಿ ಗರಡಿಗೆ ಹೋದ. ಜೊತೆಗಾರರನ್ನು ಕರೆದು, "ತಲೆ ಬಗ್ಗಿಸಿ ನುಗ್ಗಿ. ನಾನು ಕತ್ತು ಹಿಡಿದ ಮೇಲೆ ಜೀವ ಬಿಟ್ಟು ಹಿಂದಕ್ಕೆ ಜಗ್ಗಿ" ಎಂದ. ಅವರು ಜಗ್ಗಿದರು. ಅವನು ಬಿಡಲು ಹೋದ. ತೋಳು ಬಿಡಲೊಲ್ಲದು. ಇಷ್ಟು ವರ್ಷ ಮುಚ್ಚುವುದನ್ನೇ ಕಲಿತ ಕೈ, ತೆರೆ ಎಂದರೆ ತಡವರಿಸಿತು. ಅಮುಕಲು ಕಲಿತದ್ದಕ್ಕಿಂತ ಬಿಡಲು ಕಲಿಯುವುದು ಅವನಿಗೆ ಕಷ್ಟವಾಯಿತು.

ಉಸ್ತಾದನ ಮುಖ ಕೆಂಪಾಯಿತು. "ಕಂಕುಳಿಗೆ ಬಂದ ಕತ್ತನ್ನ ಬಿಡುವ ಮಲ್ಲನನ್ನ ನಾನು ಇವತ್ತೇ ಕಂಡದ್ದು. ಊರೆಲ್ಲ ನಗುತ್ತೆ" ಎಂದ. ಮಲ್ಲ ಮುಂದಿನ ಜೊತೆಗಾರನನ್ನು ಕರೆದ. ಅಭ್ಯಾಸ ನಿಲ್ಲಿಸಲಿಲ್ಲ.

ಪಂದ್ಯದ ಹಿಂದಿನ ದಿನ ಇಬ್ಬರನ್ನೂ ತಕ್ಕಡಿಯ ಮೇಲೆ ನಿಲ್ಲಿಸಿ ತೂಕ ನೋಡುವುದು ಆ ಆಟದ ಪದ್ಧತಿ. ಗರಿಯ ತೂಕಕ್ಕೆ ಇಳಿಯಲು ನೀರೂ ಕುಡಿಯದೆ ಬತ್ತಿದ ಮೈಗಳು ಎದುರುಬದುರು ನಿಂತವು. ಚಾಂಪಿಯನ್ ತನ್ನ ಕತ್ತನ್ನು ಮುಂದೆ ಚಾಚಿ, "ಇದೇ ಬೇಕಲ್ವಾ ನಿನಗೆ? ತಗೋ" ಎಂದ. ಸುತ್ತಲಿದ್ದವರು ಚಪ್ಪಾಳೆ ಹೊಡೆದರು.

ಪಂದ್ಯ ಐದು ಸುತ್ತು. ಮೊದಲ ನಾಲ್ಕರಲ್ಲಿ ಮಲ್ಲನ ಹುಬ್ಬು ಒಡೆಯಿತು, ತೊಡೆ ಕೆಂಪಾಗಿ ಊದಿತು. ಚಾಂಪಿಯನ್ ತಲೆ ಬಗ್ಗಿಸಲೇ ಇಲ್ಲ, ದೂರದಿಂದಲೇ ಗುದ್ದಿ ಅಂಕಗಳ ಲೆಕ್ಕ ಏರಿಸಿಕೊಂಡ. ಕೊನೆಯ ಸುತ್ತಿಗೆ ಮುಂಚೆ ಉಸ್ತಾದ ರಕ್ತ ಒರೆಸುತ್ತ, "ಇನ್ನು ಒಂದೇ ದಾರಿ. ಕತ್ತು ಸಿಕ್ಕರೆ ಬಿಡಬೇಡ. ಕೈ ಮುರಿದರೂ ಬಿಡಬೇಡ" ಎಂದ.

ಕೊನೆಯ ಸುತ್ತಿನಲ್ಲಿ ಮಲ್ಲ ಎಲ್ಲವನ್ನೂ ಪಣಕ್ಕಿಟ್ಟು ಮುನ್ನುಗ್ಗಿದ. ಗುದ್ದಿನ ಮೇಲೆ ಗುದ್ದು. ಬೇಲಿಗೆ ಬೆನ್ನು ತಾಗಿದಾಗ ಚಾಂಪಿಯನ್ ತಪ್ಪಿಸಿಕೊಳ್ಳಲು ತಲೆ ಬಗ್ಗಿಸಿ ಕಾಲಿಗೆ ಕೈ ಹಾಕಿದ. ಕತ್ತು ಕಂಕುಳಿಗೆ ಬಂತು. ಜನ ಎದ್ದು ನಿಂತರು. "ಬಿಡಬೇಡ" ಎಂದು ಉಸ್ತಾದ ಕೂಗಿದ. ಮಲ್ಲನ ತೋಳೂ ಅದನ್ನೇ ಹೇಳಿತು. ಹಿಡಿತ ಚೆನ್ನಾಗಿ ಕೂತಿತ್ತು. ಇವತ್ತು ಇದು ಆದೀತು, ಇದೊಂದು ಸಲ ಆದೀತು ಎಂದು ಅವನಿಗೂ ಅನ್ನಿಸಿತು.

ಚಾಂಪಿಯನ್ ಕಾಲೂರಿದ. ಎರಡೂ ಕೈಯಿಂದ ಮಲ್ಲನ ಮಣಿಕಟ್ಟು ಹಿಡಿದ. ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಕತ್ತಿಗೆ ತಂದು ಹಿಂದಕ್ಕೆ ಜಗ್ಗಿದ.

ಮಲ್ಲ ತೋಳು ತೆರೆದ.

ಚಾಂಪಿಯನ್ನನ ತಲೆ ಬಾಣದ ಹಾಗೆ ಮೇಲೆ ಹಾರಿತು. ಗದ್ದ ಚಾವಣಿಯ ಕಡೆ, ಕೈಗಳು ಸೊಂಟದ ಹತ್ತಿರ, ಹಿಮ್ಮಡಿ ಗಾಳಿಯಲ್ಲಿ. ಆ ಗದ್ದಕ್ಕೆ ಮಲ್ಲನ ಬಲಗೈ ಗುದ್ದು ಬಿತ್ತು. ಒಂದೇ. ಚಾಂಪಿಯನ್ ನೆಲಕ್ಕೆ ಬೀಳುವ ಮೊದಲೇ ಅವನ ಕಣ್ಣು ಆರಿತ್ತು. ರೆಫರಿ ಓಡಿ ಬಂದು ಇಬ್ಬರ ನಡುವೆ ಅಡ್ಡ ಬಿದ್ದ. ಬಿಡಬೇಡ ಎಂದು ಕೂಗುತ್ತಿದ್ದ ಉಸ್ತಾದ ಬೇಲಿ ಹತ್ತಿ ಒಳಗೆ ಧುಮುಕಿ, ಮಲ್ಲನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಬೆಲ್ಟ್ ಸೊಂಟಕ್ಕೆ ಏರಿತು.

ಮಲ್ಲ ದೋಣಿಯಲ್ಲಿ ಊರಿಗೆ ಬಂದ. ನದಿಯ ಮೇಲಿದ್ದ ದೋಣಿಗಳೆಲ್ಲ ಒಟ್ಟಿಗೆ ಸೀಟಿ ಹಾಕಿದವು. ಕಟ್ಟೆಯ ಮೇಲೆ ಕಾಲಿಡಲು ಜಾಗವಿಲ್ಲ. ಹೂವು, ಡೋಲು, ಪಟಾಕಿ. ಜನ ಅವನನ್ನು ಎತ್ತಿಕೊಂಡು ಅಕ್ಕನ ಅಂಗಡಿಯವರೆಗೂ ತಂದರು. ಅವಳು ಬೆಲ್ಟನ್ನು ಮುಟ್ಟಿ ನೋಡಿದಳು, ಚರ್ಮ ಅಸಲಿಯೋ ನಕಲಿಯೋ ಎಂದು ಉಗುರಿನಿಂದ ಗೀಚಿದಳು. ಆಮೇಲೆ ಕಣ್ಣೊರೆಸಿಕೊಂಡು, "ಒಳ್ಳೆ ಕೆಲಸ ಮಾಡಿದೆ ತಮ್ಮ. ಆದ್ರೆ ಈ ಜನರನ್ನೆಲ್ಲ ಅಂಗಡಿ ಮುಂದೆ ನಿಲ್ಲಿಸಿದ್ರೆ ಗಿರಾಕಿ ಒಳಗೆ ಬರೋದು ಎಲ್ಲಿಂದ?" ಎಂದಳು.

ಆ ಬೆಲ್ಟನ್ನು ಅವನು ಬಹಳ ಕಾಲ ಯಾರಿಗೂ ಬಿಟ್ಟುಕೊಡಲಿಲ್ಲ. ಅವನೆದುರು ಬಂದವರು ತಲೆ ಬಗ್ಗಿಸಲೂ ಹೆದರಿದರು, ತಲೆ ಎತ್ತಲೂ ಹೆದರಿದರು. ಕೊನೆಗೆ ಆಟ ಸಾಕೆನಿಸಿದಾಗ ಬೆಲ್ಟ್ ಇದ್ದಂತೆಯೇ ನಿವೃತ್ತನಾಗಿ, ಅದೇ ಊರಿನಲ್ಲಿ ಗರಡಿ ತೆರೆದ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಅರಳಿತು. "ತಿಳಿಯಿತು ಗುರುಗಳೇ. ಎಲ್ಲರಿಗೂ ಗೊತ್ತಾಗಿಹೋದ ಹಳೆಯ ಪಟ್ಟಿನಿಂದ ಇನ್ನು ಪ್ರಯೋಜನವಿಲ್ಲ. ಅದನ್ನು ಬಿಟ್ಟದ್ದಕ್ಕೇ ಅವನು ಗೆದ್ದ. ನಾಳೆಯಿಂದ ನಾನು ಆ ಕತೆಯ ಸುದ್ದಿಗೇ ಹೋಗುವುದಿಲ್ಲ" ಎಂದು ಏಳಲು ಅನುವಾದ.

ಗುರುಗಳು ಹೇಳಿದ ಮುಂದಿನ ಮಾತಿಗೆ ಅವನು ಏಳಹೊರಟವನು ಹಾಗೇ ಕುಳಿತ:

"ಮೊದಲು ಹಿಡಿಯದೆ ಅವನು ಬಿಡುವುದೇನನ್ನು? ಆ ಚಾಂಪಿಯನ್ ಎರಡು ವರ್ಷದಿಂದ ಆ ಪಟ್ಟಿನಲ್ಲೇ ಸಿಕ್ಕಿಕೊಂಡಿದ್ದನಲ್ಲ, ನಿನ್ನ ಕತೆಯಲ್ಲಿ ಆ ಮುದುಕ ಸಿಕ್ಕಿಕೊಂಡ ಹಾಗೆ."