ಕಳ್ಳನಿಗೆಂದು ಇಟ್ಟ ತಪ್ಪು

"ಗುರುಗಳೇ, ಜನರನ್ನು ನಂಬಿ ಮೋಸಹೋದವರನ್ನು ಬೇಕಾದಷ್ಟು ಕಂಡಿದ್ದೇನೆ. ಅನುಮಾನಪಟ್ಟವನಿಗೆ ಏನು ನಷ್ಟ?" ಎಂದು ಶಿಷ್ಯ ಕೇಳಿದ.

ಶಿಷ್ಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ. ರಜೆ ಬಂದಾಗ ಮಠಕ್ಕೆ ಬಂದು ಹೋಗುವುದು ಅವನ ರೂಢಿ. ಈ ಸಲ ಬಂದವನ ಮನಸ್ಸು ನೆಟ್ಟಗಿರಲಿಲ್ಲ. ಓದಿನಲ್ಲಿ ಹಿಂದೆ ಬಿದ್ದ ಮಕ್ಕಳಿಗಾಗಿ ಅವನೊಂದು ಗೈಡ್ ಬರೆದಿದ್ದ. ಪ್ರಕಾಶಕರ ಹಂಗಿಲ್ಲದೆ ಅದನ್ನು ತಾನೇ ಇಂಟರ್‌ನೆಟ್ಟಿನಲ್ಲಿ ಮಾರಬೇಕೆಂದಿದ್ದ. ದುಡ್ಡು ಕಟ್ಟಿದವರ ಫೋನಿಗೆ ಪುಸ್ತಕ ಹೋಗುತ್ತದೆ. ಅಲ್ಲಿಂದ ಅದು ಇನ್ನು ಯಾರ ಯಾರ ಫೋನಿಗೆ ಹೋಗುತ್ತದೋ ಎಂಬುದೇ ಅವನ ಚಿಂತೆ. ಕಳ್ಳರಿಗೆ ಏನಾದರೊಂದು ಬಲೆ ಒಡ್ಡಬೇಕು ಎಂದು ಯೋಚಿಸುತ್ತಿದ್ದ.

ಗುರುಗಳು ನಕ್ಕರು. "ಇದನ್ನು ನನ್ನ ಹತ್ತಿರ ಬಂದು ಕೇಳುತ್ತಿದ್ದೀಯಲ್ಲ, ನನ್ನ ಮೇಲೆ ಅನುಮಾನ ಇಲ್ಲವೇ? ಇದ್ದರೆ ಇರಲಿ, ಇಟ್ಟುಕೊಂಡೇ ಕೇಳು" ಎಂದು ಕತೆ ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಉಪಾಧ್ಯಾಯನಿದ್ದ. ಅವನೂ ಗಣಿತದವನೇ. ಜಾಣ ಮಕ್ಕಳಿಗೆ ಯಾರು ಬೇಕಾದರೂ ಕಲಿಸುತ್ತಾರೆ. ಇವನು ಫೇಲಾದವರನ್ನು ಕೂರಿಸಿಕೊಂಡು ಕಲಿಸುತ್ತಿದ್ದ. ಲೆಕ್ಕ ಮಾಡುವಾಗ ಅವರು ಎಲ್ಲಿ ಎಡವುತ್ತಾರೆ, ಎಲ್ಲಿ ಹೆದರಿ ಪೆನ್ನು ಕೆಳಗಿಡುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಗೊತ್ತಿದ್ದುದನ್ನೆಲ್ಲ ಸೇರಿಸಿ ಒಂದು ಗೈಡ್ ಬರೆದ. ನಿನ್ನದು ಹೇಗಿದೆಯೋ ನಾನು ನೋಡಿಲ್ಲ, ಅವನದು ಮಾತ್ರ ಚೆನ್ನಾಗಿತ್ತು.

ಅವನು ಅದನ್ನು ಪ್ರಕಾಶಕರಿಗೆ ಕೊಡಲಿಲ್ಲ. ಅವರು ಎಷ್ಟು ಮಾರಾಟವಾಯಿತೆಂದು ನಿಜ ಹೇಳುವುದಿಲ್ಲ ಎಂದು ಅನುಮಾನ. ಟೈಪ್ ಮಾಡಲೂ ಕೊಡಲಿಲ್ಲ. ಡಿಟಿಪಿಯವನು ಒಂದು ಪ್ರತಿ ಮುಚ್ಚಿಟ್ಟುಕೊಳ್ಳುತ್ತಾನೆ ಎಂದು ಅನುಮಾನ. ತಾನೇ ಎರಡು ಬೆರಳಿನಲ್ಲಿ ಟೈಪ್ ಮಾಡಿ, ತಾನೇ ಚಿತ್ರ ಬರೆದು, ತಾನೇ ನೆಟ್ಟಿಗೆ ಹಾಕಿದ. ಮಕ್ಕಳು ಕೊಂಡರು, ಓದಿದರು, ಪಾಸೂ ಆದರು.

ಅಲ್ಲಿಗೆ ಅವನು ಸುಖವಾಗಿರಬೇಕಿತ್ತು. ಒಂದು ದಿನ ಬಸ್ಸಿನಲ್ಲಿ ಇಬ್ಬರು ಹುಡುಗರು ಅವನ ಗೈಡಿನಲ್ಲಿದ್ದ ಸೂತ್ರವೊಂದನ್ನು ಅವನದೇ ಮಾತಿನಲ್ಲಿ ಬಾಯಿಪಾಠ ಮಾಡುತ್ತಿದ್ದರು. ಬೇರೆಯವನಾಗಿದ್ದರೆ ಹಿಗ್ಗುತ್ತಿದ್ದ. ಇವನು ಅವರ ಮುಖ ನೋಡಿದ. ಇವರು ಕೊಂಡವರೋ, ಕದ್ದವರೋ? ಅಂದಿನಿಂದ ಅವನ ನೆಮ್ಮದಿ ಕೆಟ್ಟಿತು. ಫೋನು ಹಿಡಿದ ಯಾವ ಹುಡುಗ ಕಂಡರೂ ಬೆನ್ನ ಹಿಂದೆ ನಿಂತು ಇಣುಕತೊಡಗಿದ.

ಮೊದಲು, ಕೊಂಡವರ ಹೆಸರು ಪ್ರತಿ ಪುಟದ ಮೇಲೂ ಅಡ್ಡಲಾಗಿ ಬರುವಂತೆ ಮಾಡಿದ. ಪುಟವೊಂದು ಹೊರಗೆ ಹೋದರೆ ಅದು ಯಾರಿಂದ ಹೋಯಿತೆಂದು ತಿಳಿಯಬೇಕಲ್ಲ. ಸ್ವಲ್ಪ ದಿನಕ್ಕೆ ಅದೂ ಸಾಲದು ಅನ್ನಿಸಿತು. ಹೆಸರು ಬಿಟ್ಟು ಪಾಠವನ್ನಷ್ಟೇ ಮತ್ತೆ ಟೈಪ್ ಮಾಡಿಕೊಂಡರೆ? ಆಗ ಅವನಿಗೆ ಒಂದು ಉಪಾಯ ಹೊಳೆಯಿತು. ಪ್ರತಿ ಪಾಠದಲ್ಲಿ ಬೇಕೆಂದೇ ಒಂದು ತಪ್ಪು ಸೇರಿಸಿದ. ಒಂದು ಕಡೆ ಕೂಡುವ ಚಿಹ್ನೆ ಇದ್ದಲ್ಲಿ ಕಳೆಯುವ ಚಿಹ್ನೆ ಇಟ್ಟ. ಶಂಕುವಿನ ಪಾಠದಲ್ಲಿ ಮೂರನೇ ಒಂದು ಎಂದಿದ್ದುದನ್ನು ಅಳಿಸಿ ಅರ್ಧ ಎಂದು ಬರೆದ. ಶಂಕು ಎಂದರೆ ಕಡಲೆಕಾಯಿ ಕಟ್ಟಿಕೊಡುವ ಪೊಟ್ಟಣದ ಆಕಾರ. ಅಷ್ಟೇ ಅಗಲ ಅಷ್ಟೇ ಎತ್ತರದ ಡಬ್ಬಿಯಲ್ಲಿ ಹಿಡಿಯುವುದರ ಮೂರನೇ ಒಂದು ಭಾಗ ಅದರಲ್ಲಿ ಹಿಡಿಯುತ್ತದೆ. ಅರ್ಧ ಹಿಡಿಯುವುದಿಲ್ಲ. ಇದು ನಿನಗೆ ಗೊತ್ತು, ಅವನಿಗೂ ಗೊತ್ತಿತ್ತು.

ಅವನ ಲೆಕ್ಕ ಹೀಗಿತ್ತು. ಕಳ್ಳ ಕಣ್ಣು ಮುಚ್ಚಿ ನಕಲು ಮಾಡುತ್ತಾನೆ. ತಪ್ಪೂ ಜೊತೆಯಲ್ಲೇ ಹೋಗುತ್ತದೆ. ಆ ತಪ್ಪೇ ಸಾಕ್ಷಿಯಾಗುತ್ತದೆ. ಜಾಣ ಮಕ್ಕಳಾದರೆ ಇದು ಅಚ್ಚಿನ ತಪ್ಪೆಂದು ತಾವೇ ತಿದ್ದಿಕೊಳ್ಳುತ್ತಾರೆ. ಹೀಗೆಂದುಕೊಂಡು ಅವನು ಬಹಳ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಮಾಡಿದ.

ಇಲ್ಲಿ ಶಿಷ್ಯ ತಡೆದು ಕೇಳಿದ. "ಜಾಣ ಮಕ್ಕಳು ಅವನ ಗೈಡನ್ನು ಯಾಕೆ ಕೊಳ್ಳುತ್ತಾರೆ?"

"ನಿನಗೆ ಹೊಳೆಯಿತು. ಅವನಿಗೆ ಹೊಳೆಯಲಿಲ್ಲ. ಅವನ ಕಣ್ಣು ಕಳ್ಳನ ಮೇಲಿತ್ತು" ಎಂದು ಗುರುಗಳು ಮುಂದುವರಿಸಿದರು.

ಅದೇ ತಾಲ್ಲೂಕಿನಲ್ಲಿ ಬ್ಲೌಸ್ ಹೊಲಿದು ಸಂಸಾರ ತೂಗಿಸುವ ಒಬ್ಬ ಹೆಂಗಸಿದ್ದಳು. ಹೆಸರು ಪುಟ್ಟನಂಜಮ್ಮ. ಅವಳ ಮಗಳು ಹತ್ತನೇ ತರಗತಿಯಲ್ಲಿ ಗಣಿತ ಒಂದರಲ್ಲಿ ಫೇಲಾಗಿದ್ದಳು. ಹುಡುಗಿಗೆ ನರ್ಸ್ ಆಗುವ ಆಸೆ. ಇನ್ನೊಂದು ಸಲ ಪರೀಕ್ಷೆ ಕಟ್ಟು, ಈ ಸಲವೂ ಹೋದರೆ ಸುಮ್ಮನೆ ಗಾರ್ಮೆಂಟ್ಸಿಗೆ ಹೋಗು ಎಂದು ಅಪ್ಪ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದ್ದ. ತಾಯಿ ತನ್ನ ಫೋನಿಗೆ ಆ ಗೈಡ್ ಕೊಂಡಳು. ಹುಡುಗಿ ಒಂದು ಸಾಲೂ ಬಿಡದೆ ಓದಿದಳು. ಹೋಗಿ ಪರೀಕ್ಷೆ ಬರೆದಳು.

ಇತ್ತ ಉಪಾಧ್ಯಾಯ ಕಳ್ಳನಿಗಾಗಿ ಕಾಯುತ್ತಿದ್ದ. ಪೇಟೆಯ ಒಂದು ಟ್ಯೂಷನ್ ಸೆಂಟರಿನಲ್ಲಿ ಹೊಸ ನೋಟ್ಸ್ ಮಾರುತ್ತಿದ್ದಾರೆಂದು ಸುದ್ದಿ ಬಂತು. ಒಂದು ಪ್ರತಿ ತರಿಸಿದ. ಓದಿದರೆ ಎಲ್ಲ ತನ್ನ ಮಾತೇ ಅನ್ನಿಸಿತು. ನೇರವಾಗಿ ಶಂಕುವಿನ ಪಾಠ ತೆರೆದ. ಅಲ್ಲಿ ಮೂರನೇ ಒಂದು ಎಂದಿತ್ತು. ಉಳಿದ ಪಾಠಗಳಲ್ಲೂ ಅವನಿಟ್ಟ ತಪ್ಪು ಒಂದಾದರೂ ಇರಲಿಲ್ಲ. ಹಾಗಾದರೆ ಇದು ನನ್ನದಲ್ಲ ಎಂದು ಅದನ್ನು ಪಕ್ಕಕ್ಕಿಟ್ಟ. ತನ್ನ ಕಣ್ಣಿಗಿಂತ ತನ್ನ ಬಲೆಯ ಮೇಲೆ ಅವನಿಗೆ ಹೆಚ್ಚು ನಂಬಿಕೆ. ಊರಿನ ಮೇಲೆಲ್ಲ ಅನುಮಾನಪಟ್ಟವನಿಗೆ, ಕಳ್ಳನಿಗೂ ಗಣಿತ ಬರಬಹುದು ಎಂಬ ಒಂದು ಅನುಮಾನ ಮಾತ್ರ ಬರಲಿಲ್ಲ.

ಫಲಿತಾಂಶ ಬಂತು. ಕೆಲವು ದಿನಗಳಾದ ಮೇಲೆ ತಾಯಿ ಮಗಳು ಅವನ ಮನೆ ಹುಡುಕಿಕೊಂಡು ಬಂದರು. ಹುಡುಗಿ ಸ್ವಲ್ಪದರಲ್ಲಿ ಫೇಲಾಗಿದ್ದಳು. ಉತ್ತರಪತ್ರಿಕೆಯ ಪ್ರತಿಯನ್ನು ಬೋರ್ಡಿನಿಂದ ತರಿಸಿಕೊಂಡಿದ್ದರು. ಗೈಡಿನಲ್ಲಿ ಇದ್ದ ಹಾಗೇ ಬರೆದಿದ್ದಾಳೆ, ತಿದ್ದಿದವರೇ ಏನೋ ಮೋಸ ಮಾಡಿದ್ದಾರೆ ಎಂಬುದು ತಾಯಿಯ ಅನುಮಾನ.

ಉಪಾಧ್ಯಾಯ ಪ್ರತಿಯನ್ನು ಕೈಗೆ ತೆಗೆದುಕೊಂಡ. ಶಂಕುವಿನ ಲೆಕ್ಕ ಕಣ್ಣಿಗೆ ಬಿತ್ತು. ಅರ್ಧ ಎಂದಿತ್ತು. ಹಾಳೆ ತಿರುಗಿಸಿದ. ಅವನು ಬೇಕೆಂದು ಇಟ್ಟ ಇನ್ನೊಂದು ತಪ್ಪು ಸಿಕ್ಕಿತು, ಮತ್ತೊಂದೂ ಸಿಕ್ಕಿತು. ಕೊನೆಗೂ ಕೈಗೆ ಸಿಕ್ಕರು ಎಂದು ಅವನಿಗೆ ಸಂತೋಷವಾಯಿತು. ನಾಚಿಕೆಗೇಡು, ಆದರೂ ನಿಜ, ಸಂತೋಷವೇ ಆಯಿತು.

"ಈ ಗೈಡ್ ನಿಮಗೆ ಯಾರು ಕಳಿಸಿದ್ದು? ನಿಜ ಹೇಳಿ" ಎಂದು ಗದರಿದ.

ಹೆಂಗಸು ಬೆಚ್ಚಿದಳು. "ನೀವೇ ಕಳ್ಸಿದ್ದು ಸಾ. ದುಡ್ಡು ಕಟ್ಟಿದ್ದಕ್ಕೆ ನನ್ನ ಫೋನಿಗೇ ಬಂತು. ನೋಡಿ, ಹಾಳೆ ಹಾಳೆಗೂ ನನ್ನ ಹೆಸ್ರು ಹಾಕಿದ್ದೀರಿ. ಬುಕ್ಕಲ್ಲಿ ನನ್ನ ಹೆಸ್ರು ಬಂದಿದ್ದು ಇದೇ ಮೊದ್ಲು. ನಮ್ಮ ಬೀದಿಯವರಿಗೆಲ್ಲ ತೋರಿಸ್ದೆ" ಎಂದು ಫೋನು ಮುಂದೆ ಹಿಡಿದಳು.

ಪುಟದ ಮೇಲೆ ಅಡ್ಡಲಾಗಿ ಪುಟ್ಟನಂಜಮ್ಮ ಎಂದಿತ್ತು. ಉಪಾಧ್ಯಾಯ ಕಣ್ಣು ತಗ್ಗಿಸಿ ಮತ್ತೆ ಉತ್ತರಪತ್ರಿಕೆ ನೋಡಿದ. ಆಗ ಅವನಿಗೆ ಇನ್ನೊಂದು ಕಂಡಿತು. ಅರ್ಧ ಎಂದು ಮಾಡಿದ ಲೆಕ್ಕದ ಮೇಲ್ಗಡೆ ಅದೇ ಲೆಕ್ಕವನ್ನು ಹುಡುಗಿ ಮೊದಲೊಮ್ಮೆ ಮಾಡಿದ್ದಳು. ಮೂರನೇ ಒಂದು ಎಂದು ಹಾಕಿ, ಕೊನೆಯವರೆಗೂ ಸರಿಯಾಗಿ ಬಿಡಿಸಿ, ಆಮೇಲೆ ಗೀಟು ಎಳೆದು ಹೊಡೆದುಹಾಕಿದ್ದಳು.

"ಇದು ಸರಿಯಾಗಿಯೇ ಇತ್ತಲ್ಲಮ್ಮ. ಯಾಕೆ ಹೊಡೆದುಹಾಕಿದೆ?" ಎಂದು ಕೇಳಿದ. ಈಗ ಅವನ ದನಿ ಇಳಿದಿತ್ತು.

ಹುಡುಗಿ ಹೇಳಿದಳು. "ಸ್ಕೂಲಲ್ಲಿ ಮಿಸ್ಸು ಪೇಪರ್ ಪೊಟ್ಟಣ ಮಾಡಿಸಿ ಡಬ್ಬಿಗೆ ಮರಳು ತುಂಬ್ಸಿದ್ರು ಸಾರ್. ನಾನೇ ತುಂಬಿದ್ದು. ಮೂರು ಸಲಕ್ಕೆ ಡಬ್ಬಿ ತುಂಬ್ತು. ಆದ್ರೆ ನಿಮ್ಮ ಗೈಡಲ್ಲಿ ಅರ್ಧ ಅಂತ ಇತ್ತು. ನಾನು ಫೇಲಾದವಳು, ನಾನೇ ಎಲ್ಲೋ ತಪ್ಪಾಗಿ ಎಣಿಸಿರ್ತೀನಿ ಅಂದ್ಕೊಂಡು ಹೊಡೆದುಹಾಕಿದೆ."

ಬೋರ್ಡಿಗೆ ಬರೆದುಕೊಳ್ಳುವಂತಿರಲಿಲ್ಲ, ತಿದ್ದಿದವರು ನ್ಯಾಯವಾಗಿಯೇ ತಿದ್ದಿದ್ದರು. ಅವನು ಅಂದೇ ಗೈಡಿನ ತಪ್ಪುಗಳನ್ನೆಲ್ಲ ತೆಗೆದ. ಕೊಂಡವರಿಗೆಲ್ಲ ತಿದ್ದಿದ ಪ್ರತಿ ಕಳಿಸಿದ. ಮರುದಿನ ಹುಡುಗಿಯ ಅಪ್ಪನ ಬಳಿ ಹೋಗಿ, ಇನ್ನೊಂದು ಸಲ ಪರೀಕ್ಷೆ ಕಟ್ಟಿಸಿ, ನಾನೇ ಕೂರಿಸಿಕೊಂಡು ಕಲಿಸುತ್ತೇನೆ ಎಂದು ಕೈಮುಗಿದು ಕೇಳಿಕೊಂಡ. ಅಪ್ಪ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಇನ್ನೊಂದು ಗೈಡ್ ಮಾರಲು ಬಂದಿದ್ದಾನೆ ಎಂದುಕೊಂಡು ಬಾಗಿಲು ಹಾಕಿದ. ಸೋಮವಾರ ಬೆಳಿಗ್ಗೆ ಹುಡುಗಿ ಗಾರ್ಮೆಂಟ್ಸಿನ ವ್ಯಾನು ಹತ್ತಿದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಇನ್ನೂ ಏನೋ ಬರುತ್ತದೆಂದು ಕಾದ. ಬರಲಿಲ್ಲ.

"ಹಾಗಾದರೆ ಕಳ್ಳ ಕೊನೆಗೂ ಸಿಗಲೇ ಇಲ್ಲವೇ?" ಎಂದು ಕೇಳಿದ.

ಗುರುಗಳು ಅವನನ್ನೇ ನೋಡುತ್ತ ಒಂದು ಮಾತು ಹೇಳಿದರು.

"ಹುಡುಗಿಯ ಹತ್ತಿರ ಸರಿಯಾದ ಉತ್ತರವಿತ್ತು, ಅದನ್ನು ಕದ್ದವನು ಯಾರು, ನೀನೇ ಹೇಳು."