ನಾಯಕ್ ಕಲ್ಮೇಶಿಯ ಹುಕುಂ

ಜಾಣರನ್ನು ಮಾಡಿದ ಶಿವನೇ ಪೆದ್ದರನ್ನೂ ಮಾಡಿದ. ಇಬ್ಬರಿಗೂ ಅವನೇ ದಿಕ್ಕು. ಹಾಗೆ ಒಬ್ಬ ಕಲ್ಮೇಶಿ, ಅವನಿಗೊಬ್ಬಳು ತಾಯಿ ನಿಂಗವ್ವ.

"ಅಣ್ಣಾ, ನಿನ್ನ ಮಗಳು ಶಾಂತವ್ವನ್ನ ನನ್ನ ಮಗನಿಗೆ ಕೊಡೋ" ಎಂದು ನಿಂಗವ್ವ ಗೋಗರೆದಳು.

"ಈ ಪೆದ್ದಗ? ದಂಡಿಗೆ ಸೇರಿ, ತೋಳಿಗೆ ಎರಡು ಪಟ್ಟಿ ಹಚ್ಕೊಂಡು ನಾಯಕ್ ಆಗಿ ಬರ್ಲಿ. ಕೊಡ್ತೀನಿ!"

ನಿಂಗವ್ವ ಶಿವನಿಗೆ ಕೈಮುಗಿದು ಮಗನನ್ನು ಕಳಿಸಿದಳು. "ದೊಡ್ಡವರು ಹೇಳಿದ್ದನ್ನ ಹೇಳಿದಂಗ ಮಾಡಪ್ಪಾ!"

"ಹೂಂ ಯವ್ವಾ!"

ಕಲ್ಮೇಶಿಯನ್ನು ಗೇಟಿನ ಕಾವಲಿಗೆ ಹಾಕಿದರು. "ಹೆಸರು ಹೇಳದವರನ್ನ ಒಳಗ ಬಿಡಬ್ಯಾಡ" ಎಂದರು ಹವಾಲ್ದಾರರು. ಹಾಲಿನ ಎಮ್ಮೆ ಬಂತು. "ಹೆಸರೇನು?" ಎಮ್ಮೆ ಹೇಳಲಿಲ್ಲ, ಇವನು ಬಿಡಲಿಲ್ಲ. ದಂಡಿಗೆಲ್ಲ ಚಹಾ ಇಲ್ಲ!

"ಲೇ ಮಂಕೇ! ಕೊರಳಿಗೆ ಹಗ್ಗ ಹಾಕಿ ಒಳಗ ತಂದು ಹುಲ್ಲು ಹಾಕಬೇಕೋ!"

"ಹೂಂ ಸಾಹೇಬ್ರ!"

ಮರುದಿನ ಮೇಜರ್ ಸಾಹೇಬರು ಬಂದರು. ಕೊರಳಿಗೆ ಹಗ್ಗ ಹಾಕಿ ಒಳಗೆ ತಂದ, ಮುಂದೆ ಹುಲ್ಲು ಹಾಕಿದ! ಹವಾಲ್ದಾರರು ಓಡಿಬಂದರು.

"ಅಯ್ಯೋ ಮೂಢಾ! ದೊಡ್ಡವರು ಕಂಡ್ರ, ಕೈಯಾಗ ಏನ ಇರ್ಲಿ, ಅದನ್ನ ಕೆಳಗಿಟ್ಟು ಸಲಾಂ ಹೊಡಿ!"

"ಹೂಂ ಸಾಹೇಬ್ರ!"

ಮುಂದೊಂದು ದಿನ ಹೊಳೆ ದಾಟಬೇಕಿತ್ತು. ಕಾಲು ಉಳುಕಿದ್ದ ಮೇಜರರನ್ನು ಕಲ್ಮೇಶಿ ಎರಡೂ ಕೈಯಲ್ಲಿ ಎತ್ತಿಕೊಂಡ. ನಡುನೀರಿಗೆ ಬಂದಾಗ ಆಚೆ ದಡದಲ್ಲಿ ಕರ್ನಲ್ ಸಾಹೇಬರು ಕಂಡರು. ಮೇಜರರನ್ನು ಕೆಳಗಿಟ್ಟ, ಸಲಾಂ ಹೊಡೆದ! ಅದೇ ಗಳಿಗೆಗೆ ದಡದ ಮರದಿಂದ ಹೆಜ್ಜೇನು ಎದ್ದಿತು. ಕರ್ನಲ್ಲರಿಂದ ಅಡುಗೆಯವನವರೆಗೆ ಎಲ್ಲರ ಮುಖವೂ ಬಾತುಹೋಯಿತು. ನೀರಲ್ಲಿ ಮುಳುಗಿದ್ದ ಮೇಜರ್ ಒಬ್ಬರೇ ಪಾರಾದರು.

"ನನ್ನ ಜೀವ ಉಳಿಸಿದ! ಹಚ್ಚಿ ಇವನಿಗೆ ಎರಡು ಪಟ್ಟಿ!" ಎಂದರು ಮೇಜರ್. ಶಿವನ ಕರುಣೆ ಯಾವ ದಾರಿಯಲ್ಲಿ ಬರುತ್ತದೋ ಯಾರು ಬಲ್ಲರು!

ನಾಯಕ್ ಆದವನು ಮರುಬೆಳಿಗ್ಗೆ ಪೊರಕೆ ಹಿಡಿದು ಅಂಗಳ ಗುಡಿಸುತ್ತಿದ್ದ. ಹವಾಲ್ದಾರರು ಹಣೆ ಚಚ್ಚಿಕೊಂಡರು. "ನಾಯಕ್ ಆದವ ತಾನು ಕೆಲಸ ಮಾಡ್ತಾನೇನೋ? ಸಿಪಾಯಿಗೆ ಹುಕುಂ ಕೊಟ್ಟು ಮಾಡಿಸಬೇಕು!"

"ಹೂಂ ಸಾಹೇಬ್ರ!"

ಪಟ್ಟಿ ಕಂಡ ಮಾವ ಮಾತು ಉಳಿಸಿಕೊಂಡ. ಹಂದರ ಹಾಕಿದರು, ವಾಲಗ ಊದಿದರು. ಕಲ್ಮೇಶಿಯ ಕೈಕೆಳಗಿನ ಸಿಪಾಯಿ ಸತ್ತೆಪ್ಪನೂ ಮದುವೆಗೆ ಬಂದಿದ್ದ. ಇನ್ನೂ ಮದುವೆಯಾಗದ ಹುಡುಗ. ಅಯ್ಯನವರು ಮಂತ್ರ ಹೇಳಿ, "ತಾಳಿ ಕಟ್ಟಪ್ಪಾ" ಎಂದರು.

ಕಲ್ಮೇಶಿ ಎದೆ ಸೆಟೆದು ಕೂಗಿದ: "ಸಿಪಾಯಿ ಸತ್ತೆಪ್ಪಾ! ಮುಂದೆ ಬಾ! ತಾಳಿ ಕಟ್ಟು!"

ನಾಯಕರ ಹುಕುಂ! ಸತ್ತೆಪ್ಪ ದಡದಡನೆ ಬಂದ, ಕಟ್ಟಿಯೇಬಿಟ್ಟ! ಶಾಂತವ್ವ ತಲೆ ಎತ್ತಿ ಅವನನ್ನು ನೋಡಿದಳು, ನಕ್ಕಳು, ಮತ್ತೆ ತಗ್ಗಿಸಿದಳು.

"ಅಯ್ಯೋ ನನ್ನಪ್ಪಾ, ಏನ್ ಮಾಡಿದ್ಯೋ!" ನಿಂಗವ್ವ ಎದೆ ಬಡಿದುಕೊಂಡಳು.

ಕಲ್ಮೇಶಿ ಹಿಗ್ಗಿ ಮಾವನ ಕಡೆ ತಿರುಗಿದ. "ಮಾವಾ, ತಾಳಿ ಕೆಲಸ ಮುಗೀತು! ಹೋಳಿಗಿ ಉಣ್ಣಾಕ ಯಾರಿಗೆ ಹುಕುಂ ಕೊಡ್ಲಿ?"