ಬೆನ್ನಿಲ್ಲದ ಪಾತಿ

ಅಕ್ಟೋಬರ್ ಹನ್ನೊಂದು, ಬೆಳಗ್ಗೆ ಏಳೂಕಾಲು.

ನಾನು ಗುರುಗಳನ್ನು ಕೇಳಿದೆ: "ಒಳ್ಳೆಯದನ್ನೇ ಮಾಡಿದವರ ಮೇಲೆ ಹತ್ತಿರದವರೇ ಏಕೆ ಮುನಿಯುತ್ತಾರೆ?"

ಕೇಳುವಾಗ ನನ್ನ ಧ್ವನಿ ಏರಿತ್ತು. ತಂಗಿಯ ಮಗಳ ಮದುವೆಯನ್ನು, ಛತ್ರ ಗೊತ್ತುಮಾಡುವುದರಿಂದ ಹಿಡಿದು ತಾಂಬೂಲದವರೆಗೆ, ನಾನೊಬ್ಬಳೇ ನಿಂತು ನಡೆಸಿದ್ದೆ. ಒಂದು ಲೋಪವೂ ಇರಲಿಲ್ಲ. ಅಂದಿನಿಂದ ಐದು ತಿಂಗಳಾಯಿತು, ತಂಗಿ ನನ್ನೊಡನೆ ಮಾತನಾಡಿಲ್ಲ. ಇನ್ನು ನಮಗೆ ಸಂಬಂಧವಿಲ್ಲವೆಂದು ಅವಳಿಗೆ ಬರೆದ ಕಾಗದ ನನ್ನ ಕೈಚೀಲದಲ್ಲಿತ್ತು. ಅದನ್ನೂ ಹೇಳಿದೆ.

ಗುರುಗಳು ಕಾಗದವನ್ನು ನೋಡಬೇಕೆನ್ನಲಿಲ್ಲ. ಕತೆ ಹೇಳಿದರು.

ಒಂದು ಅಂಗಳ. ಈಚೆಗೆ ಅಣ್ಣನ ಮನೆ, ಆಚೆಗೆ ತಮ್ಮನ ಮನೆ. ಎರಡು ಬಾಗಿಲುಗಳೂ ಎದುರುಬದುರು. ಅಣ್ಣನ ಹೆಂಡತಿಗೆ ಹೂದೋಟದ ಕೆಲಸ ಚೆನ್ನಾಗಿ ತಿಳಿದಿತ್ತು. ಕಾಂಪೌಂಡ್ ಗೋಡೆಯ ಉದ್ದಕ್ಕೂ ಹತ್ತು ವರ್ಷ ಪಾತಿ ಮಾಡಿದ್ದಳು. ಗೋಡೆಗೆ ಒತ್ತಿ ಎತ್ತರದ ಗಿಡ, ಅದರ ಮುಂದೆ ನಡುಮಟ್ಟದ್ದು, ಅಂಚಿಗೆ ಕುಳ್ಳಗಿಡ. ಬಂದವರೆಲ್ಲ ನಿಂತು ಹೊಗಳುತ್ತಿದ್ದರು.

ಒಂದು ವರ್ಷ ಆಕೆ ಅಂಗಳದ ನಡುವೆಯೂ ಒಂದು ಪಾತಿ ಮಾಡಲು ಹೊರಟಳು. ನೀರಿನ ನಡುವಣ ದ್ವೀಪದಂತೆ ಅದು ತಾನೇ ತಾನಾಗಿ ನಿಲ್ಲಬೇಕು, ಎರಡು ಮನೆಗೂ ಶೋಭೆಯಾಗಬೇಕು ಎಂಬುದು ಆಕೆಯ ಆಸೆ. ನೀರಿನ ಪೈಪನ್ನು ನೆಲದ ಮೇಲೆ ಬಳಸಿಟ್ಟು ಆಕಾರ ಗೊತ್ತುಮಾಡಿದಳು. ಅದರ ಗುಂಟ ಅಗೆಸಿ ಗೊಬ್ಬರ ತುಂಬಿಸಿದಳು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಆಮೇಲೆ ತನ್ನ ಜಗಲಿಯ ಕುರ್ಚಿಯಲ್ಲಿ ಕುಳಿತು, ಯಾವ ಗಿಡ ಎಲ್ಲಿಗೆಂದು ಮಾಲಿಗೆ ಹೇಳಿದಳು. ದಾಸವಾಳ ಹಿಂದಕ್ಕೆ. ಸೇವಂತಿಗೆ ಅದರ ಮುಂದೆ. ಟೇಬಲ್ ರೋಸ್ ಅಂಚಿಗೆ. ಕಿತ್ತ ಕಳೆ, ಒಡೆದ ಕುಂಡ ಏನಿದ್ದರೂ ಹಿಂದಕ್ಕೆ ಹಾಕು.

ಎರಡನೆಯ ವರ್ಷಕ್ಕೆ ದಾಸವಾಳ ಆಳೆತ್ತರ ಬೆಳೆಯಿತು. ಒಂದು ಬೆಳಗ್ಗೆ ನೋಡಿದರೆ, ಒಂದು ದಾಸವಾಳದಿಂದ ಇನ್ನೊಂದಕ್ಕೆ ಹಗ್ಗ. ಹಗ್ಗದ ಮೇಲೆ ತಮ್ಮನ ಹೆಂಡತಿಯ ಒದ್ದೆ ಸೀರೆ. ಹಿರಿಯಳು ಬಿಚ್ಚಿಸಿದಳು. ಮರುದಿನ ಹಗ್ಗ ಮತ್ತೆ ಇತ್ತು. ಮತ್ತೆ ಬಿಚ್ಚಿಸಿದಳು. ಮತ್ತೆ ಇತ್ತು, ಈ ಸಲ ಕಂಬಳಿಯೊಡನೆ.

"ಏನೇ ಇದು? ಹೂವಿನ ಗಿಡಕ್ಕೆ ಕಂಬಳಿ ನೇತುಹಾಕುತ್ತೀಯಲ್ಲ, ಕಣ್ಣು ಕಾಣುವುದಿಲ್ಲವೇ?"

"ಕಾಣುತ್ತದೆ ಅಕ್ಕ. ಹೂವು ನಿಮ್ಮ ಕಡೆ. ನನ್ನ ಕಡೆ ಇರುವುದು ಕಂಬ. ಕಂಬಕ್ಕೆ ಹಗ್ಗ ಕಟ್ಟಿದೆ."

"ಅಗೆಸಿದ್ದು ನಾನು, ನೀರೆರೆಯುವುದು ನಾನು. ಕೂತಲ್ಲಿಗೆ ತೋಟ ಮಾಡಿಕೊಟ್ಟರೆ ಇದೇ ನನಗೆ ಬಹುಮಾನ!"

"ಮಾಡಿಕೊಡುವ ಮೊದಲು ಒಂದು ಮಾತು ಕೇಳಬಹುದಿತ್ತು. ಹೋಗಲಿ ಬಿಡಿ ಅಕ್ಕ, ಕಂಬಳಿಯಂತೂ ಚೆನ್ನಾಗಿ ಒಣಗುತ್ತಿದೆ."

ಹಿರಿಯಳು ಅಂದೇ ಗಾರೆಯವನಿಗೆ ಹೇಳಿಕಳುಹಿಸಿದಳು. ಪಾತಿಯ ಹಿಂದೆ, ಅಂಗಳಕ್ಕೆ ಅಡ್ಡಲಾಗಿ, ಆಳೆತ್ತರದ ಗೋಡೆ ಏಳಬೇಕು. ಗೋಡೆ ಎದ್ದರೆ ಒಂದು ಮನೆಯಿಂದ ಇನ್ನೊಂದಕ್ಕೆ ಹಾದಿಯಿಲ್ಲ. ಅಣ್ಣ ತಮ್ಮ ಇಬ್ಬರೂ ಬೇಡವೆಂದರು. ಆಕೆ ಕೇಳಲಿಲ್ಲ.

ಗಾರೆಯವನು ಒಬ್ಬನೇ ಬಂದಿದ್ದ. ಅಳತೆಯ ದಾರದ ಒಂದು ತುದಿಯನ್ನು ಆಕೆಯ ಕೈಗೆ ಕೊಟ್ಟು, ಪಾತಿಯ ಆಚೆಗೆ ಹೋಗಿ ನಿಲ್ಲುವಂತೆ ಹೇಳಿದ. ನಿಂತಳು. ಇನ್ನೂ ಸ್ವಲ್ಪ ಹಿಂದೆ ಎಂದ. ಸರಿದಳು. ಹಿಮ್ಮಡಿಗೆ ತಮ್ಮನ ಮನೆಯ ಮೆಟ್ಟಿಲು ತಾಗಿತು. ಅಲ್ಲಿಂದ ತಲೆಯೆತ್ತಿ ತನ್ನ ಪಾತಿಯನ್ನು ನೋಡಿದಳು. ಸಾಲಾಗಿ ಬೋಳು ಕಾಂಡಗಳು. ಅವುಗಳ ಬುಡದಲ್ಲಿ ಕೊಳೆತ ಕಳೆ, ಹರಿದ ಗೊಬ್ಬರದ ಚೀಲ, ಒಡೆದ ಕುಂಡ. ಒಂದೇ ಒಂದು ಹೂವಿರಲಿಲ್ಲ. ಎರಡು ವರ್ಷದಿಂದ ಆ ಬಾಗಿಲು ತೆರೆದವರಿಗೆ ಮೊದಲು ಕಾಣುತ್ತಿದ್ದುದು ಇದು.

ಗಾರೆಯವನು ದಾರವನ್ನು ಬಿಗಿ ಮಾಡುತ್ತ ಕೇಳಿದ: "ನುಣುಪು ಗಾರೆ ನಿಮ್ಮ ಕಡೆಗೆ ತಾನೇ ಅಮ್ಮ? ಹಿಂಬದಿ ಹೇಗಿದ್ದರೂ ನಡೆಯುತ್ತದಲ್ಲ?"

ದಾರದ ತುದಿ ಆಕೆಯ ಕೈಯಲ್ಲೇ ಇತ್ತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಅರ್ಧಕ್ಕೆ ಬಿಟ್ಟ ಕತೆಯನ್ನು ನಾನು ಸಹಿಸಲಾರೆ. "ಗೋಡೆ ಎದ್ದಿತೇ, ಇಲ್ಲವೇ? ಅದನ್ನಾದರೂ ಹೇಳಿ" ಎಂದೆ.

ಗುರುಗಳು ಕೇಳಿದರು: "ಮದುವೆಯ ದಿನ ನಿನ್ನ ತಂಗಿ ಊಟಕ್ಕೆ ಕುಳಿತದ್ದು ಎಷ್ಟನೆಯ ಪಂಕ್ತಿಯಲ್ಲಿ?"

ಅಂದಿನ ಐದು ಪಂಕ್ತಿಗಳಲ್ಲಿ ಯಾರು ಎಲ್ಲಿ ಕುಳಿತಿದ್ದರೆಂದು ನಾನು ಈಗಲೂ ಹೇಳಬಲ್ಲೆ. ಅವಳೊಬ್ಬಳು ನೆನಪಾಗಲಿಲ್ಲ.

ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಭಾನುವಾರ ತಂಗಿಯ ಮನೆಗೆ ಹೋಗುತ್ತೇನೆ.